ಗುದ್ದಿದರೆ ಹತ್ತು ನಿಮಿಷ

ಬಟ್ಟೆ ಒಗೆಯುವ ಮಶೀನಿನ ಬಾಗಿಲಿಗೆ ಬೀಗ ಬಿದ್ದು ಕೆಂಪು ದೀಪ ಹೊತ್ತಿಕೊಂಡ ಮೇಲೆ ಅಳಿಯನ ಕಣ್ಣು ಕಪಾಟಿನ ಮೇಲಿದ್ದ ಪುಟ್ಟ ಡಬ್ಬಿಯ ಮೇಲೆ ಬಿತ್ತು. ಅದು ಮಾವ ಕಿವಿಯ ಮಶೀನು ಇಡುವ ಡಬ್ಬಿ. ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮಾವ ನಿನ್ನೆ ತೊಟ್ಟಿದ್ದ ಅಂಗಿಯನ್ನು ಜೇಬು ಕೂಡ ನೋಡದೆ ಆಗಷ್ಟೇ ಒಗೆಯಲು ಹಾಕಿದ್ದ. ಒಳಗೆ ಏನೋ ಟಕ್ ಟಕ್ ಎಂದು ಬಡಿಯತೊಡಗಿತು. ಅದು ಕಿವಿಯ ಮಶೀನೇ ಎಂದುಕೊಂಡ.

ಹಜಾರಕ್ಕೆ ಓಡಿದ. ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಮಾವ ಪೇಪರ್ ಓದುತ್ತಿದ್ದರು.

"ಮಾವ, ಟೀ ಮಾಡ್ಲಾ?"

ಪೇಪರ್ ಅಲುಗಲಿಲ್ಲ.

"ಮಾವಾ!"

ಊಹೂಂ.

"ಮುಗೀತು ನನ್ನ ಕತೆ" ಎಂದು ಅವನು ಅವರೆದುರೇ ತಲೆ ಚಚ್ಚಿಕೊಂಡ. "ಈ ಮುದುಕಪ್ಪಂಗೆ ಈಗ ಏನಂತ ಹೇಳ್ಲಿ?"

ಮಾವ ಬಂದು ಮೂರು ದಿನವಾಗಿತ್ತು. ನಾಳೆ ಬೆಳಗ್ಗೆ ಅವರನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡಬೇಕಿತ್ತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರು ಒಮ್ಮೆಯೂ ಅವನನ್ನು "ಅಳಿಯಂದಿರೇ" ಎಂದು ಕರೆದವರಲ್ಲ. ಕರೆಯಲೇಬೇಕಾಗಿ ಬಂದರೆ "ಇವರೇ" ಎನ್ನುತ್ತಿದ್ದರು, ದಾರಿ ಕೇಳುವವರ ಹಾಗೆ. ಈ ಸಲವಾದರೂ ಆ ಮಾತು ಅವರ ಬಾಯಿಂದ ಬರಲಿ ಎಂದೇ ಅವನು ರಜೆ ಹಾಕಿ, ಅವರ ಬಟ್ಟೆ ಒಗೆಯಲು ಹೊರಟಿದ್ದ. ಹೆಂಡತಿ ಕೆಲಸಕ್ಕೆ ಹೋಗುವಾಗ "ರೀ, ಅಪ್ಪನ್ನ ಚೆನ್ನಾಗಿ ನೋಡ್ಕೊಳ್ಳಿ" ಎಂದು ಎರಡೆರಡು ಸಲ ಹೇಳಿ ಹೋಗಿದ್ದಳು.

ಬಾಗಿಲು ತೆರೆದರೆ ಆಯಿತಲ್ಲ ಎಂದು ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಇಂಥ ಮಶೀನುಗಳ ಹೊಟ್ಟೆಯೊಳಗೆ ಬೆರಳುಗುರಿನಷ್ಟು ಕಂಪ್ಯೂಟರ್ ಕೂತಿರುತ್ತದೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ತೆರೆಯಬಾರದು ಎಂದು ಅದಕ್ಕೆ ಬುದ್ಧಿ ಹೇಳಿಕೊಟ್ಟವನು ಈ ಅಳಿಯನೇ. ಈ ಮಶೀನು ತಯಾರಿಸುವ ಕಾರ್ಖಾನೆಯಲ್ಲಿ ಅವನ ಹೆಸರೇ ಬಾಗಿಲು ಸಾಹೇಬ. ಮಕ್ಕಳು ಬಾಗಿಲು ಗುದ್ದಿ ತೆರೆಯದಿರಲಿ ಎಂದು ಅವನೊಂದು ನಿಯಮ ಬರೆದಿದ್ದ: ಒಂದು ಗುದ್ದಿಗೆ ಬೀಗ ಇನ್ನೂ ಹತ್ತು ನಿಮಿಷ ಬಿಗಿ. ಅದಕ್ಕಾಗಿ ಕಂಪನಿ ಶಾಲು ಹೊದಿಸಿತ್ತು. ಅಳಿಯ ಮತ್ತೆ ಮಶೀನಿನ ಬಳಿ ಓಡಿ ನಿಲ್ಲಿಸುವ ಗುಂಡಿ ಒತ್ತಿದ. ನೀರು ಹೊರಹೋಗಿ ಬಾಗಿಲು ತೆರೆಯಲು ಹನ್ನೆರಡು ನಿಮಿಷ ಎಂದು ಪರದೆ ತೋರಿಸಿತು. ಎದುರಿಗೇ ಕೂತ.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಬಸ್ ಡ್ರೈವರ್ ಬಂದರು. "ಏನ್ ಸಾಹೇಬ್ರೇ, ಮಶೀನ್ ಮುಂದೆ ಧ್ಯಾನಕ್ಕೆ ಕೂತಿದ್ದೀರಿ?"

ವಿಷಯ ಹೇಳಿದ. ಹೇಳಿದ್ದೇ ತಪ್ಪಾಯಿತು.

"ಇಷ್ಟೇನಾ! ನನ್ನ ಬಸ್ಸೂ ಹಿಂಗೇ ಮುನಿಸ್ಕೊಳ್ತಿತ್ತು. ಎರಡು ಬಿಟ್ರೆ ಸರಿ ಹೋಗ್ತಿತ್ತು."

"ಬೇಡ ಬೇಡ—"

ಡ್ರೈವರರ ಕೈ ಬ್ರೇಕಿಲ್ಲದ ಕೈ. ಧಡ್, ಧಡ್! ಪರದೆಯಲ್ಲಿ ಹನ್ನೆರಡು ಇದ್ದದ್ದು ಮೂವತ್ತೆರಡಾಯಿತು.

ಸದ್ದು ಕೇಳಿ ಎದುರುಮನೆಯ ಟೈಲರಕ್ಕ ಕಬ್ಬಿಣದ ಅಡಿಪಟ್ಟಿ ಹಿಡಿದೇ ಓಡಿಬಂದಳು. "ಸರೀರಿ ಅತ್ಲಾಗೆ. ಎಂಥೆಂಥಾ ಜಿಪ್ ಬಿಡಿಸಿದ್ದೀನಿ, ಇದ್ಯಾವ ಮಹಾ!" ಎಂದು ಬಾಗಿಲ ಸಂದಿಗೆ ಪಟ್ಟಿ ತೂರಿಸಿ ಮೀಟಿದಳು. ಅದೂ ಗುದ್ದೆಂದೇ ಲೆಕ್ಕ: ನಲವತ್ತೆರಡು. "ಎಲಾ ಇದರ!" ಎಂದು ಸಿಟ್ಟಿನಿಂದ ಒಂದು ಕುಟ್ಟಿದಳು. ಐವತ್ತೆರಡು.

"ಅಮ್ಮಾ ತಾಯಿ, ಕೈಮುಗೀತೀನಿ, ಮುಟ್ಟಬೇಡಿ!" ಎಂದ ಅಳಿಯ, ಕಾರ್ಖಾನೆಯ ಸಹೋದ್ಯೋಗಿಗೆ ಫೋನ್ ಮಾಡಿದ. "ಬಾಗಿಲು ತೆಗೆಯೋಕೆ ಗುಟ್ಟಿನ ದಾರಿ ಏನಾದ್ರೂ ಇದೆಯೇನಯ್ಯಾ?"

"ಇತ್ತು ಸರ್, ಹೋದ ವರ್ಷ ನೀವೇ ತೆಗೆಸಿದ್ರಿ. ಯಾರಾದ್ರೂ ಬುದ್ಧಿವಂತ ದುರುಪಯೋಗ ಮಾಡ್ಕೊಂಡಾನು ಅಂದ್ರಿ."

ಇಬ್ಬರನ್ನೂ ಹೇಗೋ ಸಾಗಹಾಕಿ ಬಂದು ಮಾವನ ಎದುರು ಕುಸಿದು ಕೂತ. ಕಿವಿ ಕೇಳದವರ ಮುಂದೆ ಮನಸ್ಸಿನ ಭಾರ ಇಳಿಸಲು ಭಯವೇನು?

"ಹನ್ನೊಂದು ವರ್ಷದಿಂದ ಒದ್ದಾಡ್ತಿದ್ದೀನಿ ಮಾವ. ಒಂದು ಸಲ ಅಳಿಯಂದಿರೇ ಅಂದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮೂರು ದಿನದಿಂದ ಟೀ ಸರಿಯಿಲ್ಲ, ಫ್ಯಾನ್ ಸರಿಯಿಲ್ಲ, ದಿಂಬು ಸರಿಯಿಲ್ಲ. ನಾಳೆ ನಿಮ್ಮನ್ನ ಬಸ್ ಹತ್ತಿಸಿದ್ರೆ ಸಾಕಪ್ಪಾ ಅನ್ನಿಸಿಬಿಟ್ಟಿದೆ." ಅವನು ಮಾವನ ಟೋಪಿಯತ್ತ ನೋಡಿದ. "ಆದ್ರೂ ನಿಮ್ಮ ಕಿವಿ ಹಾಳುಮಾಡ್ಬಿಟ್ನಲ್ಲಾ ಅಂತ ಸಂಕಟ ಆಗ್ತಿದೆ."

ಪೇಪರ್ ಮಾತ್ರ ಒಂದಿಷ್ಟು ಅಲುಗಿತು.

ಕೊನೆಗೂ ಬೀಗ ಕ್ಲಿಕ್ ಎಂದಿತು. ಓಡಿಹೋಗಿ ಒದ್ದೆ ಅಂಗಿಯನ್ನು ಎಳೆದು ಜೇಬು ತಡಕಿದ. ಏನೂ ಇಲ್ಲ. ಒಂದೊಂದೇ ಬಟ್ಟೆ ಕೊಡವಿದ. ಅವನದೇ ಪ್ಯಾಂಟಿನಿಂದ ಠಣ್ ಎಂದು ಏನೋ ನೆಲಕ್ಕೆ ಬಿತ್ತು. ಸ್ಕೂಟರಿನ ರಿಮೋಟ್ ಕೀ. ಗುಂಡಿ ಒತ್ತಿದರೆ ಮೂಲೆಯಿಂದ ಸೋಪಿನ ಗುಳ್ಳೆ ಬಂತು. ಸ್ಕೂಟರ್ ಇನ್ನು ಜಪ್ಪಯ್ಯ ಅಂದರೂ ಹೊರಡುವುದಿಲ್ಲ.

"ಹಾಗಾದ್ರೆ ಕಿವಿ ಮಶೀನ್ ಎಲ್ಲಿ?" ಎಂದು ತನ್ನಷ್ಟಕ್ಕೆ ಅಂದುಕೊಂಡ.

"ಇಲ್ಲಿದೆ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಟೋಪಿ ತೆಗೆದರು. ಮಶೀನು ಕಿವಿಯಲ್ಲಿ ಬೆಚ್ಚಗೆ ಕೂತಿತ್ತು.

ಅಳಿಯ ಒದ್ದೆ ಕೀ ಹಿಡಿದೇ ಕೇಳಿದ. "ಮಾವ... ನಿಮಗೆ ಎಲ್ಲಾ...?"

"ಮೊದಲ್ನೇ ಸಲ ಕರೆದಾಗ ಪೇಪರಲ್ಲಿ ಮುಳುಗಿದ್ದೆ. ಎರಡನೇ ಸಲಕ್ಕೆ ಓಗೊಡೋಣ ಅನ್ನೋಷ್ಟ್ರಲ್ಲಿ ಮುದುಕಪ್ಪ ಅಂದ್ರಿ. ಮುಂದೇನು ಬರುತ್ತೋ ಕೇಳೋಣ ಅಂತ ಸುಮ್ಮನಾದೆ."

ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದ. ಮಾವ ಅವನ ಕೈಯಿಂದ ಕೀ ತೆಗೆದುಕೊಂಡು ಅಲುಗಿಸಿ ನೋಡಿದರು. ಎರಡು ಹನಿ ನೀರು ಉದುರಿತು. ಆಮೇಲೆ ಫೋನ್ ತೆಗೆದು ಮಗಳಿಗೆ ಹಚ್ಚಿದರು.

"ನಾಳೆ ಹೊರಡಲ್ಲಮ್ಮ. ಸ್ಕೂಟರ್ ಕೆಟ್ಟಿದೆ. ಒಂದು ತಿಂಗಳು ಇದ್ದೇ ಹೋಗ್ತೀನಿ. ಇಷ್ಟು ದಿನ ನಿನ್ನ ಗಂಡ ಬಾಯೇ ಬಿಡಲ್ಲ ಅಂದ್ಕೊಂಡಿದ್ದೆ. ಇವತ್ತು ಎಷ್ಟು ಮನಬಿಚ್ಚಿ ಮಾತಾಡಿದ್ರು ಗೊತ್ತಾ!"

ಫೋನ್ ಜೇಬಿಗಿಟ್ಟು, ಟೋಪಿ ಮತ್ತೆ ಕಿವಿಯ ಮೇಲೆಳೆದುಕೊಂಡು ಹಜಾರದತ್ತ ಹೊರಟವರು ತಿರುಗಿ ನಿಂತರು.

"ಅಳಿಯಂದಿರೇ, ಆಗ್ಲೇ ಟೀ ಮಾಡ್ಲಾ ಅಂತ ಕೇಳಿದ್ರಲ್ಲ, ಈಗ ಮಾಡಿ. ಈ ಸಲವಾದ್ರೂ ಸರಿಯಾಗಿರ್ಲಿ."