ಕೆಂಪಿಯ ಕೆಮ್ಮು

ಕುರಿ ಕೊಟ್ಟು ಕಾರು ತಂದವರನ್ನು ನೀವು ನೋಡಿರಬಹುದು. ಕಾರು ಬಂದ ಮೇಲೂ ಅದನ್ನು ಕುರಿಯೆಂದೇ ತಿಳಿದು ಸಾಕುತ್ತಿರುವವರನ್ನು ನೋಡಿರಲಿಕ್ಕಿಲ್ಲ. ನಮ್ಮಣ್ಣ ಅಂಥವನು. ತೆಲಂಗಾಣದ ನಾರಾಯಣಖೇಡದ ಆಚೆ, ನಾಗಲಗಿದ್ದದ ಹಾದಿಯಲ್ಲಿರುವ ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಿ ನೋಡಿ. "ಕಾರಿಗಿ ಬೇವಿನ ಹೊಗಿ ಹಾಕ್ತಾನಲ್ಲ, ಅವನ ಮನೀನಾ? ಅಗಾ, ಅಲ್ಲಿ ಅದ ನೋಡ್ರಿ" ಎಂದು ಕೈ ತೋರಿಸುತ್ತಾರೆ.

ಹೌದು, ಹೊಗೆ ಹಾಕುತ್ತಾನೆ. ಮಳೆಗಾಲದಲ್ಲಿ ಹಟ್ಟಿಯ ಕುರಿಗಳಿಗೆ ನೊಣ, ಸೊಳ್ಳೆ ಕಾಡದಿರಲಿ ಎಂದು ಬೇವಿನ ಸೊಪ್ಪಿನ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ಅಣ್ಣ ಕುರಿಗಳ ಸುತ್ತ ಹಾಕಿ, ಉಳಿದ ಹೊಗೆಯನ್ನು ಕಾರಿನ ಸುತ್ತಲೂ ಹಾಯಿಸುತ್ತಾನೆ. ಕಾರಿನ ಹೆಸರು ಕೆಂಪಿ. ಒಂದು ಕಾಲಕ್ಕೆ ಕೆಂಪಗಿತ್ತಂತೆ. ಈಗ ಅದಕ್ಕೆ ಯಾವ ಬಣ್ಣವೆಂದು ಹೇಳುವುದು ನನ್ನಿಂದಾಗದು. ಐದನೇ ಇಯತ್ತೆಯವರೆಗೆ, ಅದೂ ಗಡಿಯಾಚೆ ಸೋದರಮಾವನ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ನಮ್ಮ ಮಾಸ್ತರರು ಕಲಿಸಿದ ಬಣ್ಣಗಳಲ್ಲಿ ಅದು ಇರಲಿಲ್ಲ.

ಇಷ್ಟು ಕಡಿಮೆ ಓದಿದವಳು ಕಾರಿನ ಬಗ್ಗೆ ಏಕೆ ಬರೆಯಲು ಕೂತಳು ಎಂದು ನೀವು ಕೇಳಬಹುದು. ಈ ಕಾರಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿ, ಅದನ್ನು ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡಿದ್ದೆ. ಅದನ್ನು ಹೇಳಬೇಕು. ಆದರೆ ತಪ್ಪು ಒಪ್ಪಿಕೊಳ್ಳುವವರು ಮೊದಲು ಬೇರೆಯವರ ಹುಚ್ಚಿನ ಬಗ್ಗೆ ಸಾಕಷ್ಟು ಹೇಳಿಕೊಳ್ಳುತ್ತಾರೆ, ನೋಡಿ. ನಾನೂ ಹಾಗೇ ಮಾಡುತ್ತೇನೆ.

ಜಹೀರಾಬಾದಿನ ಹೈವೇ ಪಕ್ಕದಲ್ಲಿ ಖಾದರ್ ಭಾಯಿಯ ಶೆಡ್ಡು. ಖಾದರ್ ಭಾಯಿ ಅಣ್ಣನಿಗೆ ಚಿಕ್ಕಂದಿನ ಗೆಳೆಯ, ಕೆಲಸದಲ್ಲಿ ಮೆಕ್ಯಾನಿಕ್. ಹೈದರಾಬಾದಿನಿಂದ ಬಾಂಬೆಗೆ ಹೊರಟ ಯಾರೋ ಶ್ರೀಮಂತರ ಕಾರು ಅವನ ಶೆಡ್ಡಿನ ಮುಂದೆ ಕೆಟ್ಟು ನಿಂತಿತು. ಇಂಗ್ಲೆಂಡಿನಲ್ಲಿ ಮಾಡಿದ ಹಳೆಯ ಓಟದ ಕಾರು. ಗಿಡ್ಡ ಮೈ, ಉದ್ದ ಮೂತಿ, ತಲೆಯ ಮೇಲೆ ಚಾವಣಿ ಇಲ್ಲ, ಎರಡೇ ಸೀಟು. "ಎರಡು ದಿನದಲ್ಲಿ ಬರುತ್ತೇನೆ" ಎಂದು ಹೋದ ಶ್ರೀಮಂತರು ಬರಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಕಾಗದಪತ್ರ ಮಾತ್ರ ಬಂತು, ಕಾರು ನೀನೇ ಇಟ್ಟುಕೋ ಎಂದು. ಅಷ್ಟರಲ್ಲಿ ಅದರೊಳಗೆ ಕೋಳಿ ಮೂರು ಸಲ ಮರಿ ಮಾಡಿತ್ತು.

ಅಣ್ಣ ಕುರಿ ಮಾರಲು ಜಹೀರಾಬಾದಿಗೆ ಹೋದವನು ಅದನ್ನು ನೋಡಿದ. ಎರಡು ಟಗರು, ಏಳು ಕುರಿ ಅಲ್ಲೇ ಬಿಟ್ಟು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಊರಿಗೆ ಬಂದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಕುರಿ ಎಲ್ಲಿ ಅವ?"

"ಇದೇ ಕುರಿ."

"ಎರಡೇ ಸೀಟ ಅವ. ಮನ್ಯಾಗ ಏಳು ಮಂದಿ ಇದ್ದೀವಿ. ಉಳಿದ ಐದು ಮಂದಿ ಎಲ್ಲಿ ಕೂಡಬೇಕು?"

"ಕುರಿ ಮ್ಯಾಲ ಯಾರರ ಕೂಡ್ತಾರೇನು? ಕುರಿ ಮುಂದ ಹೋಗ್ತದ, ಮಂದಿ ಹಿಂದ ನಡೀತಾರ."

ಅತ್ತಿಗೆ ಆಮೇಲೆ ಮೂರು ದಿನ ಮಾತಾಡಲಿಲ್ಲ. ಆ ಮೂರು ದಿನ ಬಹಳ ಆರಾಮಾಗಿ ಕೆಲಸವಾಯಿತು ಎಂದು ಅಣ್ಣ ಇಂದಿಗೂ ನೆನೆಯುತ್ತಾನೆ.

ರಿಪೇರಿಯಲ್ಲಿ ಅವನದು ಒಂದೇ ನೇಮ: "ಹೊರಗ ಏನರ ಹಾಕು, ಹೊಟ್ಟಿಯೊಳಗ ಅಸಲೀನೇ ಇರಬೇಕು." ಹಾಗಾಗಿ ಹೊರಗೆ ಏನೇನೋ ಬಂತು. ಸೀಟಿನೊಳಗೆ ನಮ್ಮ ಕುರಿಗಳ ಉಣ್ಣೆ ತುಂಬಿಸಿದ. ಚಾವಣಿ ಇರಲಿಲ್ಲವಲ್ಲ, ಅದಕ್ಕೆ ಕಂಬಳಿಯದೇ ಚಾವಣಿ ಮಾಡಿಸಿದ. ನೀರು ಇಳಿಯದು, ಬಿಸಿಲು ತಾಗದು, ಎಲ್ಲ ಸರಿ. ಆದರೆ ಮಳೆಯಲ್ಲಿ ನೆಂದರೆ ಕೆಂಪಿಯಿಂದ ಅಚ್ಚ ಟಗರಿನ ವಾಸನೆ! ಒಂದು ಸಲ ನಿಜವಾದ ಟಗರೊಂದು ಅದನ್ನು ಎದುರಾಳಿ ಎಂದು ತಿಳಿದು ಓಡಿ ಬಂದು ಗುದ್ದಿತು. ಬಾಗಿಲು ಒಳಕ್ಕೆ ತಗ್ಗಿತು. ಅಣ್ಣ ಟಗರಿಗೆ ಬೈಯಲಿಲ್ಲ. "ಪಾಪ, ಅದಕ್ಕೂ ತಿಳೀತು" ಎಂದ, ಹೆಮ್ಮೆಯಿಂದ.

ಹೊಟ್ಟೆಯೊಳಗಿನ ಅಸಲಿ ಸಾಮಾನು ಕೊಳ್ಳುವುದಂತೂ ನೋಡುವಂಥದ್ದು. ಕುರಿಯ ವಯಸ್ಸನ್ನು ನಾವು ಹಲ್ಲು ನೋಡಿ ಹೇಳುತ್ತೇವೆ. ಅಣ್ಣ ಗಿಯರಿನ ಗಾಲಿ ಕೈಗೆ ಬಂದರೆ ಬಾಯಿ ತೆರೆಸುವವನಂತೆ ಹಿಡಿದು, ಹಲ್ಲಿನ ಮೇಲೆ ಬೆರಳಾಡಿಸಿ, "ಮುದಿ ಆಗ್ಯಾದ್ರಿ ಇದು, ಮೇವು ಅಗಿಯೂದಿಲ್ಲ" ಎಂದು ವಾಪಸು ಕೊಡುತ್ತಾನೆ. ಸಂತೆಯಲ್ಲಿ ಕುರಿಯ ವ್ಯಾಪಾರ ಬಾಯಿಂದ ಆಗುವುದಿಲ್ಲ. ಕೊಡುವವನು, ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಪಕ್ಕದವನಿಗೆ ತಿಳಿಯಬಾರದು. ಅಣ್ಣ ತಾಂಡೂರಿನ ಗುಜರಿ ಅಂಗಡಿಯಲ್ಲೂ ಅದನ್ನೇ ಮಾಡಿದ. ಟವೆಲ್ ಹೊದಿಸಿ ಸೇಠನ ಕೈ ಹಿಡಿದುಬಿಟ್ಟ.

"ಏನ್ರಿ ಇದು, ಕೈ ಬಿಡ್ರಿ. ಮಂದಿ ನೋಡ್ತಾರ."

"ಮಂದಿ ನೋಡಬಾರದು ಅಂತೇ ಟವೆಲ್ ಹಾಕೀನಿ, ಸೇಠ."

"ಅಂಗಡ್ಯಾಗ ನಾವಿಬ್ಬರೇ ಇದ್ದೀವಲ್ರಿ!"

"ಹಂಗಂದ್ರ ಇನ್ನೂ ಛಲೋ ಆತು. ಈಗ ಹೇಳ್ರಿ, ಎಷ್ಟು ಬೆರಳು?"

ಈಗ ಸೇಠನೇ ಅಣ್ಣನಿಗೆಂದು ಮೊಳೆಗೆ ಒಂದು ಟವೆಲ್ ನೇತುಹಾಕಿದ್ದಾನೆ.

ಸರಿ, ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ನನ್ನ ಮದುವೆಗೆ ಮುಂಚಿನ ಮಾತು. ಖಾದರ್ ಭಾಯಿ ಜಹೀರಾಬಾದಿನಿಂದ ಬಂದು ವಾರಗಟ್ಟಲೆ ಕೆಲಸ ಮಾಡಿ ಕೆಂಪಿಯ ಇಂಜಿನ್ನನ್ನು ಒಂದು ಹದಕ್ಕೆ ತಂದಿದ್ದ. ಅವತ್ತು ಮಧ್ಯಾಹ್ನ ಅವರಿಬ್ಬರೂ ಊಟಕ್ಕೆ ಕುಳಿತಿದ್ದರು. ನಾನು ನೀರು ಕೊಟ್ಟು ಬರುವಾಗ, ಕೆಂಪಿಯ ತೆರೆದಿದ್ದ ಮೂತಿಯೊಳಗೆ ಬಗ್ಗಿ ನೋಡಿದೆ. ನನಗೆ ಮೊದಲಿನಿಂದಲೂ ಇದೊಂದು ಚಟ: ಮುಚ್ಚಿದ್ದರ ಒಳಗೆ ಏನಿದೆ ಎಂದು ನೋಡದೆ ಇರಲಾರೆ. ಒಳಗೆ ಪೆಟ್ರೋಲು, ಗಾಳಿ ಕೂಡಿಸುವ ಎರಡು ಕಾರ್ಬೊರೇಟರು, ಎರಡು ಚೊಂಬು ಬೋರಲು ಹಾಕಿದ ಹಾಗೆ ಕೂತಿದ್ದವು. ಒಂದೊಂದರ ನೆತ್ತಿಯ ಮೇಲೂ ಪುಟ್ಟ ಹಿತ್ತಾಳೆ ಮುಚ್ಚಳ. ಒಂದನ್ನು ತಿರುವಿದೆ. ಬಂತು. ಎಳೆದೆ. ಮುಚ್ಚಳದ ಕೆಳಗೆ ಬೆರಳಿಗಿಂತ ತುಸು ಉದ್ದದ ತೆಳ್ಳನೆಯ ಸರಳು, ಅದರ ತುದಿಗೆ ಇನ್ನೊಂದು ಹಿತ್ತಾಳೆ ಗುಂಡು.

ನೀವಾಗಿದ್ದರೆ ಅದನ್ನು ಏನೆಂದುಕೊಳ್ಳುತ್ತಿದ್ದಿರೋ ಗೊತ್ತಿಲ್ಲ. ಕುರಿಗಾರರ ಮನೆಯ ಹುಡುಗಿಗೆ ಅದು ಒಂದೇ ಒಂದು ವಸ್ತುವಿನಂತೆ ಕಾಣುತ್ತದೆ. ತಕಲಿ! ಉಣ್ಣೆ ನೂಲುವ ತಕಲಿ. ಅಯ್ಯೋ, ಇಂಗ್ಲೆಂಡಿನವರು ಕಾರಿನ ಹೊಟ್ಟೆಯೊಳಗೆ ತಕಲಿ ಏಕೆ ಇಟ್ಟರು? ಒಳಗೆ ಏನು ನೂಲುತ್ತಾರೆ? ಒಂದು ಸಲ ತಿರುಗಿಸಿ ನೋಡಿ, ಸಂಜೆಯೊಳಗೆ ವಾಪಸು ಇಡೋಣ ಎಂದುಕೊಂಡೆ. ಎರಡಿವೆ, ಒಂದು ಸ್ವಲ್ಪ ಹೊತ್ತು ಇಲ್ಲದಿದ್ದರೆ ಏನಾದೀತು? ಸೆರಗಿನಲ್ಲಿ ಕಟ್ಟಿಕೊಂಡು ಹೋದೆ.

ನಾನು ಜನ್ಮದಲ್ಲಿ ಅಂಥ ತಕಲಿ ಹಿಡಿದಿರಲಿಲ್ಲ. ಒಂದು ಸಲ ಚಿಟಿಕೆ ಹಾಕಿದರೆ ಓಲಾಡದೆ ತಿರುಗುತ್ತಲೇ ಇತ್ತು. ಎಳೆ ಕೂದಲಿನಷ್ಟು ಸಣ್ಣಗೆ ಬಂತು. ಮೊದಲ ಒಂದೆರಡು ಮೊಳ ಮಾತ್ರ ಸರಳಿಗೆ ಹತ್ತಿದ್ದ ಎಣ್ಣೆಯಿಂದ ಕಪ್ಪಾಯಿತು. ಅದನ್ನು ಒಳಗೆ ಹಾಕಿ, ಮೇಲೆ ಬಿಳಿ ನೂಲು ಸುತ್ತಿ ಉಂಡೆ ಮಾಡಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ತಿಳಿದಾಗ ಹಿತ್ತಲಲ್ಲಿ ಜಗಳ ನಡೆದಿತ್ತು.

"ನೀ ಬಿಚ್ಚಿದಿ, ನೀನೇ ಎಲ್ಲೋ ಇಟ್ಟಿ" ಎನ್ನುತ್ತಿದ್ದ ಅಣ್ಣ.

"ಅಲ್ಲಾನ ಆಣೆ, ನಾ ಅದನ್ನ ಮುಟ್ಟೇ ಇಲ್ಲ ಭಾಯ್."

"ನಿನ್ನ ಬಿಟ್ರ ಅದರ ಕಿಮ್ಮತ್ತು ಈ ಊರಾಗ ಯಾರಿಗಿ ಗೊತ್ತದ?"

ಖಾದರ್ ಭಾಯಿ ಕೈ ಒರೆಸಿಕೊಂಡು, ಬೋಲ್ಟು ಬಿಚ್ಚುವ ಪಾನೆಗಳನ್ನು ಚೀಲಕ್ಕೆ ಹಾಕಿಕೊಂಡು, ಇಟ್ಟಿದ್ದ ಚಹಾ ಕುಡಿಯದೆ ಹೋದ. ನಾನು ಬಾಗಿಲ ಮರೆಯಲ್ಲಿ ಅದನ್ನು ಮುಷ್ಟಿಯೊಳಗೆ ಹಿಡಿದು ನಿಂತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾಳೆ ಹೇಳೋಣವೆಂದುಕೊಂಡೆ. ಆ ನಾಳೆಗೆ ಹನ್ನೊಂದು ವರ್ಷವಾಯಿತು.

ಮುಚ್ಚಳ ಇಲ್ಲದಿದ್ದರೂ ಕೆಂಪಿ ಓಡುತ್ತಿತ್ತು. ಆದರೆ ಕಾಲೊತ್ತಿ ವೇಗ ಮಾಡಿದಾಗೆಲ್ಲ ಕೆಮ್ಮುತ್ತಿತ್ತು. ಹತ್ತು ಹೆಜ್ಜೆ ಓಡುವುದು, ಕೆಮ್ಮುವುದು. ಮತ್ತೆ ಓಡುವುದು, ಕೆಮ್ಮುವುದು. ಆ ವರ್ಷವೇ ನಾನು ಮದುವೆಯಾಗಿ ತಾಂಡೂರಿಗೆ ಬಂದೆ. ಗಂಡ ಇಲ್ಲಿ ಬಂಡೆಗೆ ಪಾಲಿಶ್ ಹಿಡಿಯುವ ಕೆಲಸ ಮಾಡುತ್ತಾರೆ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆ ತಕಲಿಯೂ ಬಂತು.

ನಮ್ಮಲ್ಲಿ ಹೆಣ್ಣು ಕೊಟ್ಟ ಮನೆಗೆ ಅಣ್ಣತಮ್ಮಂದಿರು ಹಬ್ಬಕ್ಕೆ ಬರುತ್ತಾರೆ, ಹೆರಿಗೆಗೆ ಬರುತ್ತಾರೆ, ಯಾರಾದರೂ ಸತ್ತರೆ ಬರುತ್ತಾರೆ. ಸುಮ್ಮನೆ ಮೇಲಿಂದ ಮೇಲೆ ಬಂದರೆ, ತಂಗಿಗೆ ಇಲ್ಲಿ ಏನು ಕಡಿಮೆಯಾಗಿದೆ ಎಂದು ಬೀಗರು ಮುಖ ಗಂಟು ಹಾಕುತ್ತಾರೆ. ಆದರೆ ಕಾರಿನ ಸಾಮಾನು ಹುಡುಕಲು ಬಂದವನನ್ನು ಯಾರು ಏನೆನ್ನಲಾದೀತು? ಅಣ್ಣ ಹದಿನೈದು ದಿನಕ್ಕೊಮ್ಮೆ ನಾರಾಯಣಖೇಡದಿಂದ ಜಹೀರಾಬಾದ್ ದಾಟಿ, ಕೆಮ್ಮುತ್ತಾ ತಾಂಡೂರಿಗೆ ಬರುತ್ತಿದ್ದ. ಗುಜರಿಯಲ್ಲಿ ಟವೆಲ್ ವ್ಯಾಪಾರ ಮಾಡುತ್ತಿದ್ದ. ಮುಚ್ಚಳ ಸಿಗುತ್ತಿರಲಿಲ್ಲ, ಎಲ್ಲಿಂದ ಸಿಗಬೇಕು? ಆಮೇಲೆ ಊಟಕ್ಕೆ ನಮ್ಮ ಮನೆ. ಬರುವಾಗ ಒಂದು ಗಂಟು ಉಣ್ಣೆ ತರುತ್ತಿದ್ದ, "ಖಾಲಿ ಕೂತಾಗ ನೂಲವ್ವ" ಎಂದು. ರೈಲ್ವೆ ಗೇಟಿನ ಹತ್ತಿರ ಕೆಂಪಿ ಕೆಮ್ಮಿದರೆ ನಾನು ಒಲೆಯ ಮೇಲೆ ಹೆಂಚು ಇಡುತ್ತಿದ್ದೆ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬುತ್ತಿತ್ತು.

ನಮ್ಮತ್ತೆಗೆ ಮೊದಮೊದಲು ಈ ಕೆಮ್ಮು ಸೇರುತ್ತಿರಲಿಲ್ಲ. ಆಮೇಲೆ ಕರುಣೆ ಬಂತು. "ಬೀಗರ, ಇದಕ್ಕ ಶುಂಠಿ, ಅಜವಾನ ಕುದಿಸಿ ಹಾಕ್ರಿ. ನನಗ ಅದರಿಂದಲೇ ಕಮ್ಮಿ ಆತು" ಎಂದರು. ಅಣ್ಣ ಎಷ್ಟು ಶುಂಠಿ ಎಂದು ಗಂಭೀರವಾಗಿ ಕೇಳಿ ತಿಳಿದುಕೊಂಡ.

ಒಮ್ಮೆ ನನ್ನ ಗಂಡ ಮೊಬೈಲು ಹಿಡಿದು ಬಂದರು. "ಭಾವಾ, ನೋಡ್ರಿ, ಇದೇ ಹೌದಲ್ಲ? ಫೋನಿನಾಗೇ ತರಸಬಹುದು." ಬಗ್ಗಿ ನೋಡಿದೆ. ಟ್ರಂಕಿನಲ್ಲಿದ್ದದ್ದೇ ಅಲ್ಲಿತ್ತು, ಅದೇ ಮುಚ್ಚಳ, ಅದೇ ಸರಳು. ಅಣ್ಣ ತಿರುಗಿಯೂ ನೋಡಲಿಲ್ಲ.

"ಫೋಟೋ ನೋಡಿ ಟಗರು ತಂದವ ಯಾವನರ ಉದ್ಧಾರ ಆಗ್ಯಾನೇನು?"

ಬದುಕಿದೆ ಎಂದುಕೊಂಡೆ. ಇಲ್ಲಿಯೇ ನನ್ನ ನಿಜವಾದ ತಪ್ಪು ಇರುವುದು. ಮೊದಲು ಹೆದರಿಕೆಯಿಂದ ಮುಚ್ಚಿಟ್ಟವಳು, ಆಮೇಲೆ ಆಸೆಯಿಂದ ಮುಚ್ಚಿಟ್ಟೆ. ಮುಚ್ಚಳ ಸಿಕ್ಕರೆ ಅಣ್ಣ ಏಕೆ ಬರುತ್ತಾನೆ? ನನ್ನ ಊಟದ ಹೊತ್ತಿನ ಸುಖಕ್ಕಾಗಿ ಅಲ್ಲಿ ಜಹೀರಾಬಾದಿನಲ್ಲಿ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಕೂತಿದ್ದ. ಖಾದರ್ ಭಾಯಿಯ ಹೆಸರನ್ನು ಕೇಳಲು ನಾನು ಹೆದರುತ್ತಿದ್ದೆ. ಅಣ್ಣನೂ ತೆಗೆಯುತ್ತಿರಲಿಲ್ಲ. ಗೆಳೆತನ ಮುರಿದೇ ಹೋಗಿದೆ ಎಂದು ತಿಳಿದಿದ್ದೆ.

ಈಚೆಗೆ ಒಂದು ದಿನ ಅಣ್ಣ ರೊಟ್ಟಿ ಮುರಿಯುತ್ತಾ ಅಂದ: "ಸೋಮವಾರ ಬಾಂಬೆಗೆ ಹೊಂಟೀನಿ. ಕೆಂಪಿ ಮ್ಯಾಲೇ. ಅಲ್ಲಿ ದೊಡ್ಡ ಗುಜರಿ ಅದಂತ."

ಬಾಂಬೆಗೆ? ಕಂಬಳಿ ಹೊದ್ದ, ಕೆಮ್ಮುವ ಕಾರಿನಲ್ಲಿ, ಲಾರಿಗಳ ನಡುವೆ, ಮೊಣಕಾಲು ನೋವಿನ ಈ ಮನುಷ್ಯ ಒಬ್ಬನೇ? ಎದ್ದು ಹೋಗಿ ಟ್ರಂಕು ತೆರೆದೆ. ಸೀರೆಗಳನ್ನೆಲ್ಲ ನೆಲಕ್ಕೆ ಹಾಕಿ, ಅದನ್ನು ತಂದು ಅವನ ತಾಟಿನ ಪಕ್ಕದಲ್ಲಿಟ್ಟೆ. ಅದಕ್ಕೆ ಇನ್ನೂ ಅರ್ಧ ಎಳೆ ಸುತ್ತಿಕೊಂಡಿತ್ತು.

"ನಾನೇ ತಗೊಂಡಿದ್ದೆ ಅಣ್ಣಾ. ಖಾದರ್ ಭಾಯಿ ಅಲ್ಲ."

ಅಣ್ಣ ಬಾಯಲ್ಲಿದ್ದ ತುತ್ತು ನುಂಗಿದ. ನೀರು ಕುಡಿದ.

"ಗೊತ್ತದ" ಎಂದ.

"ಏನು ಗೊತ್ತದ?"

"ಚಾವಣಿ ಕಂಬಳಿ ನೇಯುವಾಗ ನಾ ಮಗ್ಗದ ಬಾಜೂಕೇ ಕೂತಿದ್ದೆ. ನಿನ್ನ ಬಿಳಿ ನೂಲಿನ ಉಂಡಿ ಬಿಚ್ಚಿ ಬಿಚ್ಚಿ ಕಡೀಗೆ ಎರಡು ಮೊಳ ಕರೀದು ಬಂತು. ಮೂಸಿ ನೋಡಿದೆ. ಇಂಜಿನ್ ಎಣ್ಣಿ. ನೀ ಯಾವುದರ ಮ್ಯಾಲ ನೂತೀ ಅಂತ ಆಗಲೇ ತಿಳೀತು. ಮರುದಿನಾನೇ ಒಂದು ಮರಿ ಹಿಡಕೊಂಡು ಖಾದರ್‌ನ ಶೆಡ್ಡಿಗಿ ಹೋಗಿ ಕಾಲು ಹಿಡದೆ. ಅವ ಮರಿ ಇಟ್ಕೊಂಡ, ನನಗ ಎರಡು ಬೈದ, ಚಾ ಕುಡಿಸಿದ. ಈಗೂ ಬರುವಾಗ ಅಲ್ಲೇ ಕುಡದು ಬರ್ತೀನಿ."

ಹತ್ತಿರ ಹತ್ತಿರ ಹನ್ನೊಂದು ವರ್ಷದ ಚಹಾ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಮತ್ತ ಬಾಂಬೆ?"

"ಹುಚ್ಚಿ, ನಾ ಬಾಂಬೆಗೆ ಹೋದ್ರ ಕುರಿ ಯಾರು ಕಾಯ್ತಾರ? ಹೋದ ಸಲ ಮುಚ್ಚಳದ ಮಾತು ತೆಗದ್ರ ನಿನ್ನ ಕೈಯಾಗಿನ ರೊಟ್ಟಿ ಹರೀತು. ಖಾದರ್‌ಗ ಹೇಳಿದೆ. ಅವ ಅಂದ, ಸಾಕು ಮಾಡು ಭಾಯ್, ಆ ಹುಡುಗಿ ಒಳಗೊಳಗ ಸೊರಗ್ತಾಳ, ಹ್ಯಾಂಗರ ಮಾಡಿ ಬಾಯಿ ಬಿಡಸು ಅಂತ."

ನಾನು ಕಣ್ಣು ಒರೆಸಿಕೊಂಡು, ತಕಲಿಯ ಮೇಲಿನ ಎಳೆ ಬಿಚ್ಚಲು ಹೋದೆ. "ಈಗರ ತಗೊ. ನಡಿ, ಈಗಿಂದೀಗಲೇ ಕೂಡಸು. ಹೊಟ್ಟಿಯೊಳಗ ಅಸಲೀನೇ ಇರಬೇಕು ಅಂತಿದ್ದಿಲ್ಲ?"

ಅಣ್ಣ ಅದನ್ನು ಎತ್ತಿಕೊಂಡು ಒಂದು ಸಲ ಚಿಟಿಕೆ ಹಾಕಿದ. ಅದು ತಿರುಗುತ್ತಲೇ ಇತ್ತು. ನಿಲ್ಲುವವರೆಗೂ ನೋಡಿದ. ಆಮೇಲೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಸಂತೆಯ ವ್ಯಾಪಾರದ ಹಾಗೆಯೇ, ಟವೆಲ್ ಒಂದು ಇರಲಿಲ್ಲ, ಅಷ್ಟೇ.

"ಇದನ್ನ ಕೂಡಸಿದ್ರ ಕೆಂಪಿ ಕೆಮ್ಮಂಗಿಲ್ಲ. ಕೆಮ್ಮದಿದ್ರ, ನಾ ಬಂದದ್ದು ನಿನಗ ಹ್ಯಾಂಗ ತಿಳೀಬೇಕು?"

ಹೊರಗೆ ಹೋಗಿ ಸೀಟಿನ ಹಿಂದಿನಿಂದ ಉಣ್ಣೆಯ ಗಂಟು ತಂದು ಬಾಗಿಲಲ್ಲಿಟ್ಟ. ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಕೆಂಪಿ ಗಲ್ಲಿಯ ತಿರುವಿನಲ್ಲಿ ಒಮ್ಮೆ ಕೆಮ್ಮಿತು, ಬಂಡೆ ಕೊರೆಯುವ ಮಿಷಿನ್ನುಗಳ ಸದ್ದಿನೊಳಗೆ ಇನ್ನೊಮ್ಮೆ, ಆಮೇಲೆ ರೈಲ್ವೆ ಗೇಟಿನ ಹತ್ತಿರ ಮತ್ತೊಮ್ಮೆ.

"ಯವ್ವಾ, ಇನ್ನೂ ಕೆಮ್ಮತದಲ್ಲ" ಎಂದರು ಅತ್ತೆ ಒಳಗಿನಿಂದ. "ಶುಂಠಿ ಕೊಟ್ಟಿಲ್ಲೇನು ನಿಮ್ಮಣ್ಣಗ?"

"ಬ್ಯಾಡಂತರಿ ಅತ್ತಿ" ಎಂದೆ. "ಹಂಗೇ ಇರಲಿ ಅಂದ."