ಅತ್ತಿಗೆಯ ನಿದ್ದೆಯ ಕಾನೂನು

ನಿದ್ದೆ ಮಾಡುವುದು ಹೇಗೆಂದು ಇಡೀ ಕೋಲ್ಕತ್ತಕ್ಕೆ ಪಾಠ ಹೇಳಬಲ್ಲವರೊಬ್ಬರು ನಮ್ಮ ಮನೆಯಲ್ಲಿದ್ದರು, ಮಕ್ಕಳೇ. ಒಂದೇ ತೊಂದರೆ, ಪಾಠ ಮುಗಿಯುವ ಮೊದಲೇ ಅವರಿಗೆ ನಿದ್ದೆ ಹತ್ತುತ್ತಿತ್ತು.

ಅವರು ನಿಮ್ಮ ಅಜ್ಜನ ಅಕ್ಕ, ನನಗೆ ಅತ್ತಿಗೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ಜೊತೆಗಿರಲೆಂದು ಮೈಸೂರಿನಿಂದ ಬಂದವರು ನನ್ನ ಕೋಣೆಯಲ್ಲೇ ಹಾಸಿಗೆ ಹಾಕಿಸಿಕೊಂಡರು. ಆಗ ನನಗೆ ರಾತ್ರಿ ಕಣ್ಣು ಹತ್ತುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ನಿಮ್ಮ ಅಪ್ಪ ಸಾಲ್ಟ್ ಲೇಕಿನ ಕಂಪ್ಯೂಟರ್ ಆಫೀಸಿನಲ್ಲಿದ್ದ. ಅಮೆರಿಕದವರು ಎದ್ದಾಗ ಇವನು ಕೆಲಸಕ್ಕೆ ಹೋಗಬೇಕು. ಅಲ್ಲಿ ಯಾರೋ ಬಂದು ಒಳ್ಳೆಯ ನಿದ್ದೆಯ ಬಗ್ಗೆ ಭಾಷಣ ಮಾಡಿದರಂತೆ: ದಿನವೂ ಒಂದೇ ಹೊತ್ತಿಗೆ ಮಲಗಿ, ಸಂಜೆ ಚಹಾ ಬೇಡ, ಮಲಗುವ ಮುಂಚೆ ಟೀವಿ ಬೇಡ, ಹಗಲು ನಿದ್ದೆ ಬೇಡ. ಭಾಷಣ ಕೇಳಿದ್ದು ಅವನು, ಕಾನೂನು ಮಾಡಿದ್ದು ಅತ್ತಿಗೆ, ಪಾಲಿಸಬೇಕಾದದ್ದು ನಾನು!

ಮೂರು ಗಂಟೆಯಾದರೆ ಚಹಾಪುಡಿಯ ಡಬ್ಬಿ ಅವರ ಟ್ರಂಕಿನೊಳಗೆ. ರಾತ್ರಿ, ಧಾರಾವಾಹಿಯ ಸೊಸೆ ವಿಷದ ಹಾಲನ್ನು ತುಟಿಗಿಡುವ ಹೊತ್ತಿಗೆ ಸರಿಯಾಗಿ ಟೀವಿ ಬಂದ್.

"ಅವಳು ಕುಡಿದಳೋ ಇಲ್ಲವೋ, ಅತ್ತಿಗೆ?"

"ಅವಳ ಕತೆ ಅವಳ ಅತ್ತೆ ನೋಡ್ಕೋತಾಳೆ. ನೀನು ಬಿದ್ಕೊ."

ಕುಡಿದಳೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ನಮ್ಮ ಪಾಡಾದ ಬೀದಿಗಳಲ್ಲಿ ಮಧ್ಯಾಹ್ನ ಊಟವಾದರೆ ಅಂಗಡಿಯವನೂ ಬಾಗಿಲೆಳೆದು ಮಲಗುತ್ತಾನೆ. ನನಗೊಬ್ಬಳಿಗೆ ಅದು ನಿಷೇಧ. ಆದರೆ ಅತ್ತಿಗೆ? ಟ್ರಾಮಿನಲ್ಲಿ ತೂಕಡಿಕೆ, ಬಟಾಣಿ ಸುಲಿಯುತ್ತಾ ತೂಕಡಿಕೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ರಾತ್ರಿ ಅಷ್ಟು ಬೇಗ ದೀಪ ಆರಿಸುವವರಿಗೆ ಹಗಲಿಗೆ ಇಷ್ಟು ನಿದ್ದೆ ಹೇಗೆ ಉಳಿಯಿತು?

ಗರಿಯಾಹಾಟಿನ ಸೀರೆ ಅಂಗಡಿಯಲ್ಲಂತೂ ಸೀರೆ ರಾಶಿಗೆ ಒರಗಿ ಗೊರಕೆಯೇ ಹೊಡೆದರು. ಅಂಗಡಿಯವನು ಫ್ಯಾನನ್ನು ಅವರತ್ತ ತಿರುಗಿಸಿ, "ಪಾಪ, ವಯಸ್ಸಾದ ಮಾಶಿಮಾಗೆ ಮನೆಯಲ್ಲಿ ಮಲಗಲು ಬಿಡುವುದಿಲ್ಲವೇ?" ಎಂದು ಹಿಂದಿಯಲ್ಲಿ ನನ್ನನ್ನೇ ಗದರಿದ.

ಹೊರಗೆ ಬಂದು ಕೇಳಿಯೇಬಿಟ್ಟೆ. "ಅತ್ತಿಗೆ, ರಾತ್ರಿ ನಿಮಗೆ ನಿದ್ದೆ ಬರಲ್ವೇ?"

"ನೀನು ಮಲಗಿದ ಮೇಲೆ ಮಲಗೋಣ ಅಂತ ಕಾಯ್ತೀನಿ ಕಣೇ," ಎಂದರು. "ನೀನು ಮಲಗೋದೇ ಇಲ್ವಲ್ಲ."

ಮನೆಗೆ ಬಂದವಳೇ ಆ ಮಧ್ಯಾಹ್ನವೇ ಹಾಸಿಗೆಗೆ ಹೋದೆ. ಅವರಾದರೂ ಮಲಗಲಿ ಎಂದು ಕಣ್ಣು ಮುಚ್ಚಿ, ನಿದ್ದೆ ಬಂದವಳಂತೆ ನಟಿಸಿದೆ.

ಕಣ್ಣು ಬಿಟ್ಟಾಗ ಪಕ್ಕದ ಮನೆಯಲ್ಲಿ ಸಂಜೆಯ ಶಂಖ ಊದುತ್ತಿದ್ದರು. ಅತ್ತಿಗೆ ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು ಗಾಢ ನಿದ್ದೆಯಲ್ಲಿದ್ದರು. ಅವರದೇ ಕಾನೂನಿನ ಪ್ರಕಾರ ಎಬ್ಬಿಸಬೇಕಿತ್ತು. ಸೆರಗು ಎಳೆದರೆ ಎಚ್ಚರವಾದೀತೆಂದು ನಾನು ಅಲುಗದೆ ಮಲಗಿದ್ದೆ.