ಕುಂಟೋ ಕೋಳಿ ಬೀಗರ ಪಾಲು

"ಎತ್ತು ಈದರೂ ಈದೀತು, ಈ ಮನ್ಯಾಗ ಡಿಗ್ರಿ ಆಗಂಗಿಲ್ಲ" ಎಂದವರು ಹೊನವಾಡದ ಭೀಮಪ್ಪ ಮಾಮಾ, ನಮ್ಮವ್ವನ ಖಾಸಾ ಅಣ್ಣ. ಹೇಳಿದ್ದು ಬೆನ್ನ ಹಿಂದೆ ಅಲ್ಲ, ನನ್ನ ಮುಖದ ಮುಂದೆಯೇ, ನಾನು ಬಡಿಸಿದ ರೊಟ್ಟಿ ಮುರಿಯುತ್ತ. ಕಾಖಂಡಕಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ನಿಂತೇ ಓಡಾಡಿ ಬಿ.ಎ. ಮುಗಿಸಿದೆ, ಅದೂ ಇತಿಹಾಸದಲ್ಲಿ. ನಮ್ಮ ವಂಶಕ್ಕೆ ಮೊದಲ ಪದವಿ. ಇದನ್ನು ಕೇಳದವರಿಗೂ ಹೇಳುತ್ತೇನೆ. ಗಳಿಸಿದವರಿಗೆ ಆ ಹಕ್ಕಿದೆ. ಸಿಟ್ಟು ಮಾತ್ರ ನಾನು ಗಳಿಸಿದ್ದಲ್ಲ, ವಂಶದಿಂದ ಬಂದದ್ದು.

ಪ್ರಮಾಣಪತ್ರ ಒಯ್ಯಲು ಕಾಲೇಜಿನಿಂದ ಕರೆ ಬಂದ ಸುದ್ದಿ ಮಾಮಾನಿಗೆ ಮುಟ್ಟಿತು. "ಅವತ್ತು ಸಂಜಿಗೆ ಬರ್ತೀನಿ, ಕಣ್ಣಾರೆ ನೋಡೂಣು" ಎಂದು ಫೋನು. ಅದೇ ವಾರ ನಮ್ಮ ಕೆಂಪು ಕೋಳಿ ಕುಂಟತೊಡಗಬೇಕೆ! ನಮ್ಮ ಮನೆಯಲ್ಲೊಂದು ಕಾಯ್ದೆಯಿದೆ: ಕುಂಟೋ ಕೋಳಿ ಬೀಗರ ಪಾಲು. ಉಣ್ಣಲು ಬಂದ ನೆಂಟರೆಲ್ಲ ಬೀಗರೇ. ಗಟ್ಟಿಮುಟ್ಟಾದ ಕೋಳಿಯನ್ನು ಯಾರೂ ಕೊಯ್ಯುವುದಿಲ್ಲ. ಕಾಲೆಳೆಯಿತೋ, ತಾನಾಗಿ ಸಾಯುವ ಮೊದಲೇ ಸಾರಿಗೆ, ಬೀಗರಿಲ್ಲದಿದ್ದರೆ ಕರೆಸಿಯಾದರೂ.

"ಹೆಂಗೂ ಅಣ್ಣ ಬರಾಕತ್ತಾನ, ಹೆಂಗೂ ಇದು ಕುಂಟಾಕತ್ತೈತಿ. ದೇವರ ಕೂಡಿಸ್ಯಾನ" ಎಂದಳು ಅವ್ವ.

"ದೇವರಿಗೆ ಬ್ಯಾರೆ ಕೆಲಸಿಲ್ಲೇನ ಬೇ?" ಎಂದು ಹರಿಹಾಯ್ದೆ. ಆ ಕೋಳಿಯ ಮೊಟ್ಟೆ ಮಾರಿಯೇ ನನ್ನ ಬಸ್ ಪಾಸು ಆದದ್ದು. ನನ್ನ ಡಿಗ್ರಿಗೆ ಕಾಲು ಕೊಟ್ಟ ಕೋಳಿಯನ್ನು, ಡಿಗ್ರಿ ಆಗುವುದಿಲ್ಲವೆಂದವರ ತಾಟಿಗೆ ಹಾಕುವುದೆ?

ಓಣಿಯೆಲ್ಲ ವೈದ್ಯರೇ. ಒಬ್ಬಾಕೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದಳು. ಕೋಳಿಗಿಂತ ಮೊದಲು ನಾನು ಸೀನಿದೆ. ಇನ್ನೊಬ್ಬಾಕೆ ಉಳುಕೆಂದು ಎಣ್ಣೆ ತಿಕ್ಕಿದಳು. ಅವ್ವ ಕರಿದಾರ ಕಟ್ಟಿದಳು, ಇಲ್ಲದ ರೋಗವೂ ಬರುವಷ್ಟು ಬಿಗಿಯಾಗಿ. ಅದನ್ನು ಕತ್ತರಿಸಿ ಎಸೆದೆ. ಇಷ್ಟು ಜನರಲ್ಲಿ ಒಬ್ಬರಾದರೂ ಕೋಳಿಯ ಅಂಗಾಲು ತಿರುಗಿಸಿ ನೋಡಬಾರದೆ? ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನಾನೇ ನೋಡಿದೆ. ನಡುವೆ ಕರಿ ಹಕ್ಕಳೆ, ಸುತ್ತ ಬಾವು, ಮುಟ್ಟಿದರೆ ಬಿಸಿ. ಬೆರಳು ಆಡಿಸುತ್ತಿತ್ತು, ಎಲುಬು ಮುರಿದಿರಲಿಲ್ಲ. ರಾತ್ರಿ ಜೋಳದ ಕಣಕಿ ದಂಟು ಒಟ್ಟಿದ ಬಣವಿಯ ತುದಿಯಲ್ಲಿ ಮಲಗಿ, ಬೆಳಿಗ್ಗೆ ಕೆಳಗೆ ಹಾಸಿದ ಪರಸಿ ಕಲ್ಲಿಗೆ ಧುಮುಕಿ ಧುಮುಕಿ ಅಂಗಾಲು ಒಡೆದಿತ್ತು. ಹೊಲಸು ಸೇರಿ ಕೀವಾಗಿತ್ತು. ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ಇಳಿಬಿಟ್ಟೆ. ಕೋಳಿ ಹಾಯಾಗಿ ಕಣ್ಣು ಮುಚ್ಚಿತು. ಆ ಮನೆಯಲ್ಲಿ ನನ್ನ ಮಾತಿಗೆ ಒಪ್ಪಿದ ಮೊದಲ ಜೀವ.

"ಇತಿಹಾಸ ಓದಿದಾಕಿಗೆ ಕೋಳಿ ಕಾಲಿಂದ ಏನ್ ತಿಳೀತೈತಿ?" ಎಂದಳು ಅವ್ವ.

"ಯವ್ವಾ, ಕೆಟ್ಟದ್ದು ಯಾಕ ಕೆಡ್ತು ಅಂತ ಹುಡುಕೂದ ಇತಿಹಾಸ!"

ಪಟ್ಟಿ ಕಟ್ಟಿ, ಮೆತ್ತಗೆ ಹುಲ್ಲು ಹಾಸಿ, ಕೆಳಗೇ ಮಲಗಿಸಿದೆ. ಆದರೂ ಬಾವು ಇಳಿಯಲಿಲ್ಲ. ಪ್ರಮಾಣಪತ್ರದ ದಿನ ಬಂದೇಬಿಟ್ಟಿತು. ಕೋಳಿಯನ್ನೂ ಅವ್ವನನ್ನೂ ಈಳಿಗೆಯನ್ನೂ ಒಂದೇ ಮನೆಯಲ್ಲಿ ಬಿಟ್ಟು ಹೋಗುವಷ್ಟು ದಡ್ಡಿ ನಾನಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

"ಕೋಳಿಗೂ ತಿಕೀಟ ತಗೋಬೇಕ್ರಿ ಅಕ್ಕಾರ" ಎಂದ ಕಂಡಕ್ಟರ್.

"ಕುಂಟ ಕೋಳಿರೀ ಅಣ್ಣಾರ."

"ಬಸ್ಸಿನ್ಯಾಗ ಅದೇನ್ ನಡೀಬೇಕಾಗಿಲ್ಲಲ್ರಿ!"

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ತಿಕೀಟು ತೆಗೆಸಿದೆ.

ಮೊದಲು ಹೋದದ್ದು ವಿಜಯಪುರದ ಪಶು ಆಸ್ಪತ್ರೆಗೆ. ಡಾಕ್ಟರು ಕೀವು ತೆಗೆದು, ಔಷಧಿ ಹಚ್ಚಿ, ಸೂಜಿ ಚುಚ್ಚಿದರು. "ಮನ್ಯಾಗ ಮಾಡಿದ್ದು ಛಲೋ ಆಗೇತ್ರಿ. ಖರೆ, ಸೂಜಿ ಹಾಕೀನಿ. ನಾ ಹೇಳೂತನಕ ಇದರ ಮೊಟ್ಟಿ ತಿನಬ್ಯಾಡ್ರಿ, ಕೊಯ್ಯೂದಂತೂ ಬ್ಯಾಡ ಬ್ಯಾಡ." ಇನ್ನೊಮ್ಮೆ ಹೇಳಿ ಎಂದೆ. ತಿಳಿಯದೆ ಅಲ್ಲ, ಕೇಳಲು ಹಿತವಾಗಿತ್ತು.

ಕಾಲೇಜಿನಲ್ಲಿ ಪ್ರಮಾಣಪತ್ರ ಪಡೆದು ಸಂಜೆ ಮನೆಗೆ ಬಂದರೆ, ಮಾಮಾ ಕೈತೊಳೆದುಕೊಂಡೇ ಕೂತಿದ್ದರು.

"ಸಾರಿನ ವಾಸನಿನ ಬರವಲ್ದಲ್ಲ?"

"ಬದನಿಕಾಯಿ ಪಲ್ಯಾಕ ಕೋಳಿ ವಾಸನಿ ಹೆಂಗ ಬರಬೇಕ್ರಿ ಮಾಮಾ?"

ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಮಾಮಾ ಅಂಗಳದತ್ತ ನೋಡಿದರು. ಬಿಳಿ ಪಟ್ಟಿಯ ಕಾಲನ್ನೂ ನೆಲಕ್ಕೂರಿ ಕೋಳಿ ಜೋಳ ಹೆಕ್ಕುತ್ತಿತ್ತು. ಇದೇ ಸಮಯವೆಂದು ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಅವರು ತಪ್ಪಾಯಿತು ಎಂದ ಕೂಡಲೇ ಹೇಳಲು ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟ ಭಾಷಣವೊಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾಮಾ ಮುದ್ರೆಯ ಮೇಲೆ ಬೆರಳಾಡಿಸಿದರು, ಮತ್ತೆ ಕೋಳಿಯ ಕಾಲು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಖರೇನ ಡಾಕ್ಟರಕಿ ಕಲ್ತೀ ಬಿಡವಾ. ನಾಳಿಗೆ ಹೊನವಾಡಕ್ಕ ಬಂದ್ಬಿಡು. ನಮ್ಮ ಎಮ್ಮಿ ಹಿಂಗಾಲ ಎಳಿಯಾಕತ್ತೈತಿ."